ಜೋಡಿ ನಳಿಕೆ

ಸಾರೆಮಾ ದ್ವೀಪದಿಂದ ಹಡಗು, ಹಡಗಿಳಿದು ಬಸ್ಸು,
ಬಸ್ಸಿಳಿದು ತಾರ್ತುವಿನ ಆಸ್ಪತ್ರೆಯ ಮೂರನೇ ಮಹಡಿ:
ವಿರ್ವೆಯ ಮೇಜಿನ ಮೇಲೀಗ ಎರಡು ನಳಿಕೆ.
ಒಂದರಲ್ಲಿ ರಕ್ತದ ತಿಳಿ, ಒಣಹುಲ್ಲಿನ ಬಣ್ಣ.
ಇನ್ನೊಂದರಲ್ಲಿ ಬೆನ್ನಮೂಳೆಗಳ ನಡುವಿಂದ ತೆಗೆದ ನೀರು,
ಬಣ್ಣವೇ ಇಲ್ಲ.
ಒಂದೇ ದಿನ, ಒಂದೇ ಹೊತ್ತು ತೆಗೆದದ್ದೇ? ಚೀಟಿ ನೋಡುತ್ತಾಳೆ.
ಅಲ್ಲವಾದರೆ ಮುಟ್ಟುವವಳೇ ಅಲ್ಲ.

ಹೆಸರು ಎಂಡೆಲ್ ರಾಹು.
ಅವರ ನುಡಿಯಲ್ಲಿ ರಾಹು ಎಂದರೆ ಶಾಂತಿ;
ನಮ್ಮ ಪಂಚಾಂಗ ಒಪ್ಪಲಾರದು.
ವಯಸ್ಸು ಎಪ್ಪತ್ತೊಂದು. ಜೂನಿಪರ್ ಕಟ್ಟಿಗೆಯಲ್ಲಿ
ಬೆಣ್ಣೆ ಸವರುವ ಚಾಕು ಕೆತ್ತುವವನು.
ಆಗಸ್ಟಿನಲ್ಲಿ ಪೊದೆಯ ಉಣುಗು ಕಚ್ಚಿತ್ತಂತೆ, ಮರೆತಿದ್ದ.
ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅರ್ಧ ಮುಖಕ್ಕೆ ಗ್ರಹಣ:
ಎಡಗಣ್ಣು ಮುಚ್ಚದು, ಕಾಫಿ ತುಟಿಯಂಚಿನಿಂದ ಅಂಗಿಗೆ.

ಈ ನೀರಿನಲ್ಲಿರುವ ಪ್ರತಿಕಾಯ
ಗೋಡೆ ದಾಟಿ ಬಂದ ನೆಂಟನೋ,
ಒಳಮನೆಯಲ್ಲೇ ಹುಟ್ಟಿದ ಕೂಸೋ?
ಮುಖ ನೋಡಿದರೆ ತಿಳಿಯುವುದಿಲ್ಲ, ಇಬ್ಬರದೂ ಒಂದೇ ಅಚ್ಚು.

ಅದಕ್ಕೇ ಮೊದಲು ಅಲ್ಬುಮಿನ್ನನ್ನು ಸಾಕ್ಷಿಗೆ ಕರೆಯುತ್ತಾಳೆ.
ಪಿತ್ತಜನಕಾಂಗದ ಮಗು ಅದು. ತಲೆಯೊಳಗೆ ಹುಟ್ಟುವುದಿಲ್ಲ,
ಒಳಗೆ ಕಂಡರೆ ಗೋಡೆ ದಾಟಿಯೇ ಬಂದಿರಬೇಕು.
ಅದು ಎಷ್ಟು ನುಸುಳಿತೋ ಅಷ್ಟೇ ಬಿರುಕು.
ಬಿರುಕಿನ ಪಾಲು ಕಳೆದು ಉಳಿದದ್ದು,
ಉಳಿದರೆ,
ಮನೆಯದು.

ಉಳಿಯಿತು. ಸೂಚ್ಯಂಕ ಆರೂವರೆ.
ಒಂದೂವರೆ ದಾಟಿದ್ದರೇ ಸಾಕಿತ್ತು.
ವಿರ್ವೆ ಇನ್ನೊಮ್ಮೆ ಅಳೆದಳು. ಆರು ಪಾಯಿಂಟ್ ಮೂರು.
ಸಹಿ ಹಾಕಿ, ಬೆಳಗಿನ ರೈ ರೊಟ್ಟಿ ಸಂಜೆ ನಾಲ್ಕಕ್ಕೆ ತಿಂದಳು.

ಮೂರು ವಾರ ಔಷಧಿ. ಕಣ್ಣು ಮುಚ್ಚಿತು, ಕಾಫಿ ಗಂಟಲಿಗಿಳಿಯಿತು.

ಮರುವರ್ಷ ಮತ್ತೆ ಅದೇ ಹೆಸರು, ಮತ್ತೆ ಜೋಡಿ ನಳಿಕೆ.
ಸೊಂಟನೋವು, ಹೊಸ ವೈದ್ಯೆಗೆ ಅನುಮಾನ.
ಉರಿಯೂತದ ಕಣಗಳಿಲ್ಲ, ಗೋಡೆ ಭದ್ರ,
ಸೂಚ್ಯಂಕ ಮಾತ್ರ ಐದು ಪಾಯಿಂಟ್ ಒಂಬತ್ತು.
ಫೋನಿನಲ್ಲಿ ವೈದ್ಯೆ: "ಹಾಗಾದರೆ ರೋಗ ಇನ್ನೂ ಇದೆಯೇ?"
ವಿರ್ವೆ: "ಇರಲಿಕ್ಕಿಲ್ಲ. ಶತ್ರು ಹೋದನೆಂದು
ಒಳಗಿನ ಕಮ್ಮಾರರಿಗೆ ಯಾರೂ ಹೇಳಿ ಕಳಿಸುವುದಿಲ್ಲ.
ವರ್ಷಗಟ್ಟಲೆ ಕುಲುಮೆ ಉರಿಯುತ್ತಿರುತ್ತದೆ.
ಎಷ್ಟು ಅಂತ ಕೇಳಿ, ಹೇಳುತ್ತೇನೆ.
ಯಾಕೆ ಇನ್ನೂ ಅಂತ ಕೇಳಬೇಡಿ."
ಸ್ವಲ್ಪ ಹೊತ್ತು ಇಬ್ಬರೂ ಫೋನು ಇಡಲಿಲ್ಲ.

ಆ ಪೆಟ್ಟಿಗೆಯಲ್ಲಿ, ಮಂಜಿನ ಚೀಲದ ಪಕ್ಕ,
ಬೆಣ್ಣೆ ಚಾಕೊಂದು ಬಂದಿತ್ತು. 'ಎಣಿಸುವವರಿಗೆ' ಎಂದು ಪೆನ್ಸಿಲಿನಲ್ಲಿ.
ನಿಯಮದ ಪ್ರಕಾರ ಹಿಂದಿರುಗಿಸಬೇಕು.
ಪಿಪೆಟ್ಟಿನ ಖಾನೆ ಎಳೆದಾಗಲೆಲ್ಲ
ಜೂನಿಪರ್ ವಾಸನೆ.