ಒಂದು ಬೌದಿಲ್ಯೊ

ಕಡಲು ಇಳಿದಾಗ ಅಂಗಡಿಗೆ ಕಾಲು ಮೂಡುತ್ತವೆ:
ಹದಿನಾಲ್ಕು ಮರದ ಕಾಲು, ಮಂಡಿಯವರೆಗೆ ಪಾಚಿಯ ಕಾಲುಚೀಲ.
ಏರಿದಾಗ ಏನೂ ಗೊತ್ತಿಲ್ಲದ ದೋಣಿಯ ಹಾಗೆ ಕೂತುಬಿಡುತ್ತದೆ.
ಚಿಲೊಯೆ ದ್ವೀಪಕ್ಕೆ ಬಂದು, ಕಾಸ್ತ್ರೊ ಊರಲ್ಲಿ
ಎದೆಲ್ಮಿರಾಳ ಬರ್ಗರ್ ಎಲ್ಲಿ ಎಂದು ಕೇಳಿ,
ನಾಯಿಗಳೂ ದಾರಿ ತೋರಿಸುತ್ತವೆ.

ನಾನಲ್ಲಿ ಕಾವಲಿಯ ಮುಂದೆ ನಿಲ್ಲುವವನು.
ಮುಂಗೈ ಮೇಲೆ ಕೊಬ್ಬು ಸಿಡಿದ ಚುಕ್ಕಿಗಳೇ
ಆರು ವರ್ಷದ ಹಾಜರಿ ಪುಸ್ತಕ.

ಬಾಗಿಲ ಬಳಿಯ ಕರಿಹಲಗೆಯಲ್ಲಿ
ತಿಂಡಿಯ ಹೆಸರಿಲ್ಲ, ಜನರ ಹೆಸರು.
ಮಾಂಸ ಯಾರದು? ಚಿಗ್ವಾಯ್ ಸೋದರರದು.
ಮಗುವಿನ ಮುಷ್ಟಿಯಷ್ಟು ಎಸಳಿನ ಬೆಳ್ಳುಳ್ಳಿ ದೊಮಿತಿಲಾಳದು,
ಬನ್ನಿನ ಹಿಟ್ಟಿಗೆ ತುರಿದು ಸೇರಿಸುವ ಆಲೂಗಡ್ಡೆ,
ಹೊರಗೆ ಕರಿ, ಕೊಯ್ದರೆ ನೇರಳೆ,
ಅದು ಒತಿಲಿಯಾಳ ಇಳಿಜಾರಿನದು.
ಚೀಸ್, ದೋನ್ ಬೌದಿಲ್ಯೊ.

ಸಾಂತಿಯಾಗೊದವರು ಕೆಚಪ್ ಕೇಳುತ್ತಾರೆ.
ಎದೆಲ್ಮಿರಾ ತಲೆ ಎತ್ತುವುದಿಲ್ಲ:
"ಟೊಮೇಟೊ ಈ ಗಾಳಿಗೆ ಕೆಂಪಾಗುವುದಿಲ್ಲ.
ಮುರ್ತಾ ಹಣ್ಣಿನ ಗೊಜ್ಜಿದೆ, ಬೇಕಾದರೆ ತಿನ್ನಿ."
ತಿನ್ನುತ್ತಾರೆ. ಬೆರಳು ನೆಕ್ಕುತ್ತಾರೆ. ಮತ್ತೆ ಕೆಚಪ್ ಕೇಳುವುದಿಲ್ಲ.

ಮಂಗಳವಾರ ಬೌದಿಲ್ಯೊನ ದೋಣಿ.
ಹನ್ನೊಂದು ವರ್ಷ, ನೂರು ಗ್ರಾಮಿಗಾಗಿ ಜಗಳ.
"ನಿನ್ನ ತಕ್ಕಡಿಗೆ ಕಣ್ಣಿಲ್ಲ" ಎಂದು ಅವನು,
"ನಿನ್ನ ಹಸುವಿಗೆ ನಾಚಿಕೆಯಿಲ್ಲ" ಎಂದು ಇವಳು.
ಆಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ, ಬೆನ್ನು ತಿರುಗಿಸಿ, ಮಾತೆ ಕುಡಿಯುತ್ತ.

ಜೂನಿನ ಒಂದು ಮಂಗಳವಾರ ದೋಣಿ ಬಂತು,
ಹುಟ್ಟು ಹಾಕುತ್ತಿದ್ದವಳು ಮೊಮ್ಮಗಳು ಮಿಯಾರಾಯ್.
ಬಟ್ಟೆ ಸುತ್ತಿದ ಒಂದು ಗಾಲಿ ಚೀಸ್.
"ತಾತ ಕೊನೆಗೆ ತಿರುವಿಟ್ಟಿದ್ದು" ಎಂದಳು.
ಎದೆಲ್ಮಿರಾ ಎರಡೂ ಕೈಯಲ್ಲಿ ತೆಗೆದುಕೊಂಡಳು.
ಆ ದಿನ ತೂಗಲಿಲ್ಲ.

ಒಂಬತ್ತು ದಿನ ಬಂತು ಅದು, ತೆಳ್ಳಗೆ ಕೊಯ್ದು ಕೊಯ್ದು.
ಹತ್ತನೆಯ ದಿನ ಪುವೆರ್ತೊ ಮೊಂತ್‌ನಿಂದ ಒಬ್ಬ ಬಂದ,
ಚೌಕ ಚೌಕ ತುಂಡು, ನಡುವೆ ಕಾಗದ ಹಾಕಿದ್ದು,
ವರ್ಷವಾದರೂ ಕೆಡುವುದಿಲ್ಲ ಎಂದ.
"ಕೆಡದಿದ್ದರೆ ಅದು ಬದುಕಿತ್ತು ಅಂತ ಹೇಗೆ ನಂಬಲಿ?"
ಅವನು ಮಾದರಿ ಬಿಟ್ಟುಹೋದ. ಬೆಕ್ಕಿಗೂ ಬೇಡವಾಯಿತು.

ರಾತ್ರಿ ಹಲಗೆ ಒರೆಸುವುದು ನನ್ನ ಕೆಲಸ.
ಒದ್ದೆ ಬಟ್ಟೆ ಕೊನೆಯ ಸಾಲಿಗೆ ಬಂದು ನಿಲ್ಲುತ್ತದೆ.
ಒರೆಸು ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.
ಮೇಲಿನ ಹೆಸರುಗಳು ದಿನಾ ಹೊಸ ಸುಣ್ಣ,
ಅವನದು ಮಾತ್ರ ಹಳೆಯದಾಗುತ್ತ ಬಂತು.
ಮೀನುಗಾರರು ಒಳಗೆ ಬಂದು ಟೋಪಿ ಕೊಡವಿ
"ಒಂದು ಬೌದಿಲ್ಯೊ" ಎನ್ನತೊಡಗಿದರು.
ಅಂದರೆ ಚೀಸ್ ಇಲ್ಲದ್ದು.
ಇನ್ನೂರು ಪೆಸೊ ಇಳಿಸಿದ್ದೇವೆ ಎಂದರೂ
ಪೂರ್ತಿ ದುಡ್ಡೇ ಇಟ್ಟು ಹೋಗುತ್ತಾರೆ.
ನನ್ನ ಕೈಯಂತೂ, ಹೇಳಿದ ಮಾತು ಕೇಳುವುದಿಲ್ಲ,
ಪ್ರತಿ ಸಲ ಎಡಗಡೆಯ ಖಾಲಿ ಬಟ್ಟಲಿಗೇ ಹೋಗಿ ಬರುತ್ತದೆ.

ಜನವರಿಯಲ್ಲಿ ಮಿಯಾರಾಯ್ ಮತ್ತೆ ಬಂದಳು,
ಒಂದು ಪುಟ್ಟ ಗಡ್ಡೆ, ಅಂಚು ಸೊಟ್ಟ.
ಎದೆಲ್ಮಿರಾ ಚೂರು ಮುರಿದು ಬಾಯಿಗಿಟ್ಟಳು.
"ಉಪ್ಪು ಜಾಸ್ತಿ."
ತಕ್ಕಡಿ ಒರೆಸಿ, ಇಟ್ಟು, ಬಗ್ಗಿ ನೋಡಿದಳು.
"ನೂರು ಗ್ರಾಮು ಕಡಿಮೆ."
"ನಿಮ್ಮ ತಕ್ಕಡಿಗೆ ಕಣ್ಣಿಲ್ಲ" ಎಂದಳು ಹುಡುಗಿ.

ಬೆಂಚಿನ ಕಡೆ ಹೊರಟರು ಇಬ್ಬರೂ.
ನಾನು ಸುಣ್ಣದ ಕಡ್ಡಿ ಹಿಡಿದು
ಹಲಗೆಯ ಮುಂದೆ ನಿಂತೇ ಇದ್ದೆ,
ಕಾವಲಿಯ ಮೇಲೆ ಏನೋ ಸೀಯುವವರೆಗೆ.