ಹಿಚುಕಿದ ಅಗುಳು

ಅನ್ನ ಬೆಂದಿತೇ ಎಂದು ನೋಡಲು
ಒಂದಗುಳು ಸಾಕು ಅಂತಾರೆ.
ಹಿಚುಕಿ ನೋಡಿದ ಆ ಅಗುಳು
ಆಮೇಲೆ ಎಲ್ಲಿಗೆ ಹೋಯಿತು,
ಯಾರೂ ಕೇಳುವುದಿಲ್ಲ.

ದುರ್ಗಿಗುಡಿಯ ನಮ್ಮ ಶಾಲೆಯಲ್ಲಿ
ಬಿಸಿಯೂಟದ ಗುತ್ಯಮ್ಮ
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ
ಅದನ್ನು ಹಾಗೇ ಹಿಡಿದುಕೊಂಡು
ಬಾಗಿಲಿಗೆ ಬರುತ್ತಿದ್ದಳು:
"ಯಾರದ್ದು ಎಂತ ಹರಿದಿದೆ, ತನ್ನಿ."

ಗಣಿತದ ಪುಸ್ತಕದ ಬೆನ್ನು,
ಕಿತ್ತ ರಟ್ಟು, ಗಾಳಿಪಟದ ಬಾಲ,
ಹತ್ತು ರೂಪಾಯಿಯ ನೋಟು.
ಸಿಟಿ ಬಸ್ಸಿನ ಕಂಡಕ್ಟರ್ ಅದನ್ನು
ಎರಡು ಸಲ ಬೆಳಕಿಗೆ ಹಿಡಿದು
ಮೂಸಿ ನೋಡಿ ತಗೊಂಡ.
ಹೆಡ್‌ಮೇಷ್ಟ್ರ ಗೋಂದಿನ ಬಾಟಲಿ
ಒಣಗಿ ಕಲ್ಲಾದ ವರ್ಷ
ಏಳನೇ ಕ್ಲಾಸಿನ ಮೂವತ್ತೆಂಟು ಮುಖಗಳೂ
ಅರ್ಜಿಯ ಮೇಲೆ ಕೂತದ್ದು
ಅವಳ ಬೆರಳಿಂದಲೇ. ನನ್ನದು ಸ್ವಲ್ಪ ಓರೆ.

ಅದಕ್ಕೂ ಒಂದು ಶಾಸ್ತ್ರವಿತ್ತು.
ಸೋನಾಮಸೂರಿ ಬೇಡ, ಅದು ಉದುರು,
ದುಡ್ಡಿದ್ದವರ ಹಾಗೆ, ಒಂದಕ್ಕೊಂದು ಅಂಟಲ್ಲ.
ಸೊಸೈಟಿ ಅಕ್ಕಿಯೇ ಆಗಬೇಕು, ದಪ್ಪದ್ದು,
ಒಂದು ಕುದಿ ಜಾಸ್ತಿ ಬೆಂದದ್ದು.
ಉಪ್ಪು ಮುಟ್ಟಿರಬಾರದು.
ಬಿಸಿ ಇದ್ದರೆ ಕಾಗದ ಸುಕ್ಕು,
ತಣಿದರೆ ಹರಳು.
"ಉಗುರು ಬೆಚ್ಚಗಿರಬೇಕು ಮಾರಾಯ್ತಿ,
ಹಸುಗೂಸಿನ ಅಂಗಾಲಿನಷ್ಟು."

ಇರುವೆ? ಬಂದವು.
ದಸರಾ ರಜೆ ಮುಗಿಸಿ ಬೀರು ತೆಗೆದರೆ
ಗ್ರೂಪ್ ಫೋಟೋದಲ್ಲಿ
ಸರಿಯಾಗಿ ಡಿಡಿಪಿಐ ಸಾಹೇಬರ ಮುಖವೇ ತೂತು.
"ಅಲ್ಲಿಗೆ ಎರಡಗುಳು ಜಾಸ್ತಿ ಹಾಕಿದ್ದೆ,
ದೊಡ್ಡೋರಲ್ವಾ" ಎಂದಳು.

ಒಂದು ಸೋಮವಾರ
ಸೆರಗಿನ ಗಂಟು ಬಿಚ್ಚಿ
ರೇಷನ್ ಕಾರ್ಡು ಸುರಿದಳು. ಹದಿಮೂರು ಚೂರು.
ಯಾರು ಹರಿದದ್ದೆಂದು ಹೇಳಲಿಲ್ಲ;
ಕೆನ್ನೆಯ ಮೇಲೆ ನಾಲ್ಕು ಬೆರಳು ಇನ್ನೂ ಇದ್ದವು.
ಓದು ಬಾರದವಳು,
ಹೆಸರು ಕೂಡಿಸಲು ನನ್ನನ್ನು ಕೂರಿಸಿಕೊಂಡಳು.
'ಗು' ಇಲ್ಲಿದೆ. 'ತ್ಯ' ಸ್ಟೌ ಕೆಳಗೆ ಹಾರಿದೆ.
'ಮ್ಮ' ಸೀಳಿ ಎರಡಾಗಿದೆ.
ಕುಟುಂಬದ ಯಜಮಾನ ಎಂಬಲ್ಲಿನ ಚೂರು ಕೊಟ್ಟೆ.
ತಿರುಗಿಸಿ, ಮತ್ತೆ ತಿರುಗಿಸಿ,
"ಇದು ಯಾರ ಹೆಸರು?"
ಹೇಳಿದೆ.
ಒಲೆಗೆ ಹಾಕಲಿಲ್ಲ. ಅಂಟಿಸಲೂ ಇಲ್ಲ.
ರವಿಕೆಗೆ ಸಿಕ್ಕಿಸಿಕೊಂಡು
ಸಾರು ಬಡಿಸಲು ಎದ್ದಳು.

ಶುಕ್ರವಾರ ಸೊಸೈಟಿಯ ಸಾಲು.
ಚೀಲ ಹಿಡಿದು ನಾನು ಅವಳ ಹಿಂದೆ.
ತಕ್ಕಡಿಯ ವೀರಭದ್ರಯ್ಯ ಕಾರ್ಡನ್ನು ಉಗುರಲ್ಲಿ ಕೆರೆದ.
"ಸರ್ಕಾರಿ ದಾಖಲೆಗೆ ಎಂತದು ಬಳಿದಿದ್ದೀಯ?"
"ಸರ್ಕಾರದ್ದೇ ಅಕ್ಕಿ, ಸ್ವಾಮಿ."
ಸಾಲು ನಕ್ಕಿತು. ಅವನು ನಗಲಿಲ್ಲ.
ಖಾಲಿ ಜಾಗದ ಮೇಲೆ ಬೆರಳಿಟ್ಟ:
"ಇಲ್ಲೊಂದು ತುಂಡು ಇಲ್ಲವಲ್ಲ."

"ಇದೆ," ಎಂದಳು ಗುತ್ಯಮ್ಮ,
"ಅದಕ್ಕಿನ್ನೂ ಅನ್ನ ಬೆಂದಿಲ್ಲ."

ತೂಗಿ ಕೊಟ್ಟ.
ಎಂದಿನಂತೆ
ಒಂದು ಹಿಡಿ ಕಡಿಮೆ.