ಇನ್ನೊಬ್ಬ ಗುತ್ಯಮ್ಮನಿಗೆ

ಚಂದ್ರಗುತ್ತಿ ಸೀಮೆ ದಾಟಿದರೆ
ಈ ಹೆಸರಿನವರು ಯಾರೂ ಇಲ್ಲ ಅಂದುಕೊಂಡಿದ್ದೆ.
ಶಿವಮೊಗ್ಗದಲ್ಲೇ ಎರಡೆರಡು ಸಲ ಕೇಳುತ್ತಾರೆ,
ಗೌತಮಿಯಾ? ಗುರುತಮ್ಮನಾ?
ನೀನು ಅಷ್ಟು ದೂರದಲ್ಲಿ ಕೂತು
ಒಂದಕ್ಷರ ತಪ್ಪದೆ ಹೇಗೆ ಬರೆದೆ?

ಖಾಸಗಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಕಡುಬಿನ ಗಾಡಿ.
ಅಕ್ಕಿತರಿಯ ದುಡ್ಡಿಗೆ ಬೆಳಗ್ಗೆ ಫೋನು ಒತ್ತಿದೆ, ಹೋಗಲಿಲ್ಲ.
ಮತ್ತೆ ಒತ್ತಿದೆ.
ಗಾಡಿಯ ಮೇಲಿನ ಡಬ್ಬಿ ಮಾತ್ರ ಎಂದಿನಂತೆ ಕೂಗುತ್ತಿತ್ತು:
ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ.
ಬರುತ್ತದೆ, ಹೊರಡುವುದಿಲ್ಲ.
ಅಪ್ಪ ಹಳ್ಳಕ್ಕೆ ಒಡ್ಡುತ್ತಿದ್ದ ಕೂಳಿಯೂ ಹೀಗೇ,
ಬಾಯಿ ಅಗಲ, ಹೊಕ್ಕ ಮೀನಿಗೆ ಹಿಂದಕ್ಕೆ ದಾರಿಯಿಲ್ಲ.
ಮೂವತ್ತೊಂದು ಸಾವಿರದ ಆರುನೂರು ಅದರೊಳಗೆ,
ಮಗಳ ನರ್ಸಿಂಗ್ ಫೀಸಿನ ಎರಡನೇ ಕಂತು.

ಬ್ಯಾಂಕಿನ ಹುಡುಗ ಪರದೆ ನೋಡಿದ,
ನನ್ನ ನೋಡಿದ, ಮತ್ತೆ ಪರದೆ ನೋಡಿದ.
ಜೈಪುರದಲ್ಲಿ ನಿಮ್ಮ ಹೆಸರಿನ ಖಾತೆಯಿದೆ,
ನಾಲ್ಕೇ ದಿನದಲ್ಲಿ ನಲವತ್ತಮೂರು ಲಕ್ಷ ಓಡಾಡಿದೆ.
ನಾನು ಓಡಾಡಿದ್ದು ಹೆಚ್ಚೆಂದರೆ ಧರ್ಮಸ್ಥಳ,
ಅದೂ ಒಂದೇ ಸಲ, ದಾರಿಯುದ್ದ ವಾಂತಿ.

ಹಿಂದಿಯ ಕಾಗದವನ್ನು ಓದಿ ಹೇಳಿದವನು
ಗಾಂಧಿಬಜಾರಿನ ಪಾತ್ರೆ ಅಂಗಡಿಯ ಭಂವರ್‌ಲಾಲ್.
'ಇದು ನಮ್ಮ ಕಡೆಯವರದೇ ಕೆಲ್ಸ, ಅಕ್ಕಾ'
ಅಂದು, ತಾನೇ ಕದ್ದವನ ಹಾಗೆ ತಲೆ ತಗ್ಗಿಸಿ
ಟೀ ತರಿಸಿದ.

ಆಧಾರಿನ ಜೆರಾಕ್ಸು ಎಲ್ಲೆಲ್ಲಿ ಕೊಟ್ಟೆ?
ಸಿಮ್ಮಿಗೆ, ಗ್ಯಾಸಿಗೆ, ಸಂಘದ ಸಾಲಕ್ಕೆ.
ಮೆಗ್ಗಾನ್ ಆಸ್ಪತ್ರೆಯಲ್ಲಿ ಗಂಡನ ಹೆಣ ಬಿಡಿಸಿಕೊಳ್ಳುವಾಗ
ಮೂರು ಪ್ರತಿ.
ಆ ಮೂರರಲ್ಲಿ ಒಂದು ನೀನಾಗಿದ್ದರೆ
ನನಗೆ ಹೇಳಬೇಡ.

ಚಿಕ್ಕವಳಿದ್ದಾಗ ನಮ್ಮ ಬಾಗಿಲ ಮೇಲೆ
ಇದ್ದಿಲಲ್ಲಿ ಬರೆದಿದ್ದರು: ನಾಳೆ ಬಾ.
ಗೊತ್ತಿದ್ದವರ ದನಿಯಲ್ಲೇ ಹೆಸರು ಹಿಡಿದು
ರಾತ್ರಿ ಕರೆಯುತ್ತಿತ್ತಂತೆ ಅದು.
ಓದಿ ಹಿಂತಿರುಗುತ್ತಿತ್ತಂತೆ, ಮರುದಿನ ಬಂದು
ಮತ್ತೆ ಓದುತ್ತಿತ್ತಂತೆ.
ಅಕ್ಷರ ಬಲ್ಲ, ಹೇಳಿದ ಮಾತು ಕೇಳುವ ದೆವ್ವ.

ಕೌಂಟರಿಗೆ ನಾನು ಹೋಗಿದ್ದು ಹದಿನೇಳು ಸಲ.
ನಾಳೆ ಬನ್ನಿ ಅಂತಾರೆ.
ಹೋಗುತ್ತೇನೆ.
ಯಂತ್ರದ ಮೇಲೆ ಹೆಬ್ಬೆಟ್ಟಿಟ್ಟರೆ ಕೆಂಪು ದೀಪ;
ಹಬೆಯಲ್ಲಿ ಬೆಂದ ಬೆರಳು, ಗೆರೆ ಸವೆದಿದೆ.
ಹೊಂದುತ್ತಿಲ್ಲಮ್ಮ, ಅಂತಾನೆ ಹುಡುಗ.
ನಿನ್ನದು ಹೊಂದಿತಲ್ಲ.

ಸ್ಕ್ಯಾನು ಮಾಡುವ ಚೌಕದ ಮೇಲೆ
ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿದೆ.
ಕಾಲೇಜು ಹುಡುಗರು ಮುಂದಿನ ಗಾಡಿಗೆ ಹೋದರು.
ಸಾಗರದ ಬಸ್ಸಿನ ಕಂಡಕ್ಟರ್ ರೇವಣ್ಣ
ಚೀಲದಿಂದ ಐನೂರರ ನೋಟು ತೆಗೆದು
ತಿಂಗಳಿಡೀ ತಿಂದು ತೀರಿಸ್ತೀನಿ, ಅಂದ.
ಮಾತಿನಂತೆ ತಿನ್ನುತ್ತಿದ್ದಾನೆ, ಹಸಿವಿಲ್ಲದ ದಿನವೂ.
ಅಕ್ಕಿತರಿಯ ಮೆಹಬೂಬ್ ಸಾಬರು ಲೆಕ್ಕವನ್ನೇ ತೆಗೆಯಲಿಲ್ಲ.
ಫೀಸಿಗೆ ಕಿವಿಯದು ಹೋಯಿತು;
ತೂತು ಮುಚ್ಚದಿರಲಿ ಅಂತ
ಪೊರಕೆಕಡ್ಡಿ ಸಿಕ್ಕಿಸಿದ್ದೇನೆ.

ಕೆಲವು ರಾತ್ರಿ ನಿನ್ನದೇ ಯೋಚನೆ.
ಅಷ್ಟೆಲ್ಲ ಲಕ್ಷದಲ್ಲಿ
ಒಂದು ಹೊತ್ತಾದರೂ ಬಿಸಿಯಾಗಿ ಉಂಡೆಯಾ?
ನೀನು ಗಂಡಸೇ ಇರಬೇಕು.
ಹತ್ತು ಜನವೂ ಇರಬಹುದು, ಒಂದು ಕೋಣೆಯಲ್ಲಿ,
ಒಬ್ಬರ ನಾಲಿಗೆಯೂ ಹೊರಳದು
ನನ್ನ ಹೆಸರು ಹೇಳಲಿಕ್ಕೆ.

ಸೋಮವಾರ ಸೈಬರ್ ಠಾಣೆಗೆ ಮತ್ತೆ ಬರಹೇಳಿದ್ದಾರೆ,
ಎರಡು ಜೆರಾಕ್ಸು ತರಬೇಕಂತೆ.
ಈ ಸಲ ಅಡ್ಡಗೆರೆ ಎಳೆದು ಬರೆದಿದ್ದೇನೆ
ಯಾವ ಕೆಲಸಕ್ಕೆ, ಯಾವ ತಾರೀಕು.
ಕೆಳಗೆ ಬೆರಳಗಲ ಜಾಗ ಉಳಿದಿತ್ತು.
ಅಲ್ಲಿ ನಿನಗೆ, ಸಣ್ಣಕ್ಕೆ:
ನಾಳೆ ಬಾ.